ನೆಲಮಹಡಿ ಮುಟ್ಟದ ಹಾಡು

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಹಾಡು ಎಷ್ಟೇ ಉದ್ದವಿರಲಿ, ಅವನ ಕೈಗೆ ಸಿಕ್ಕರೆ ಗೇಣುದ್ದ ಆಗುತ್ತಿತ್ತು. ಆ ದಿನ ಅವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ಗೊಣಗ. ಚಿಕ್ಕಂದಿನಿಂದ ಏನಾದರೊಂದು ಪ್ರಾಸ ಗೊಣಗುತ್ತಲೇ ಇರುತ್ತಿದ್ದನೆಂದು ಅಣ್ಣ ಇಟ್ಟ ಹೆಸರು ಅದು. ರ‍್ಯಾಪ್ ಹಾಡತೊಡಗಿದ ಮೇಲೆ ಪೋಸ್ಟರಿನಲ್ಲೂ ಅದೇ ಉಳಿಯಿತು.

"ಆರು ನಿಮಿಷ ನಲವತ್ತು ಸೆಕೆಂಡ್!" ಕತ್ತರಿ ಪರದೆ ನೋಡಿ ಹಣೆ ಚಚ್ಚಿಕೊಂಡ. "ಇದೇನು ಹಾಡೋ, ಪುರಾಣವೋ?"

"ಹಾಡೋದು ನಾನಲ್ಲ ಗುರೂ, ಲಿಫ್ಟು. ಏಳನೇ ಮಹಡಿಯಿಂದ ಇಳೀತಾ ಬರುತ್ತೆ. ಒಂದೊಂದು ಮಹಡಿಗೆ ಒಂದೊಂದು ಚರಣ, ಅಲ್ಲಿ ಕಂಡದ್ದು. ಇಳಿದ ಹಾಗೆ ದನಿಯೂ ತಗ್ಗುತ್ತೆ. ನೆಲಮಹಡೀಲಿ, ತನ್ನಡಿ ಸಿಕ್ಕಿ ಯಾರು ಸತ್ರು, ಬಟನ್ ಒತ್ತಿದ್ದು ಯಾರು ಅಂತ ಬಾಯಿಬಿಡುತ್ತೆ. ಅದಕ್ಕೇ ಇಷ್ಟು ದೂರ ಬಂದಿರೋದು."

"ಬಾಯಿಬಿಡಲಿ, ನನ್ನದೇನೂ ತಕರಾರಿಲ್ಲ. ಅಲ್ಲೀವರೆಗೆ ಕೂತಿರೋರು ಯಾರು? ಜನ ಆರನೇ ಮಹಡೀಲೇ ಇಳಿದು ಹೋಗಿರ್ತಾರೆ ಮಾರಾಯ!"

ಇದೇ ಮನುಷ್ಯ ಹತ್ತು ವರ್ಷದ ಹಿಂದೆ ಒಂದು ಜೋಡಿ ಚಪ್ಪಲಿಯ ಬಾಯಲ್ಲಿ ಇಡೀ ಹಾಡು ಬರೆದಿದ್ದ ಎಂದರೆ ಈಗ ಯಾರೂ ನಂಬುವುದಿಲ್ಲ. ಆಗ ಊರಿನ ರ‍್ಯಾಪ್ ಹಾಡುವವರೆಲ್ಲ ಒಂದು ಹಳೆಯ ಕಟ್ಟಡದ ತಾರಸಿಯ ಮೇಲೆ ಸೇರುತ್ತಿದ್ದರು. ಒಬ್ಬ ಒಂದು ದಿನವನ್ನು ಸಂಜೆಯಿಂದ ಬೆಳಗಿಗೆ ಹಿಂದುಮುಂದಾಗಿ ಹಾಡಿದ್ದ. ಒಬ್ಬ ಹುಡುಗಿ ಫೋನಿನ ಒಂದೇ ಕಡೆಯ ಮಾತಲ್ಲಿ ಹಾಡು ಕಟ್ಟಿದ್ದಳು. ಆ ಕಡೆಯವನು ಬದುಕಿಲ್ಲ ಎಂಬುದು ಕೊನೆಯ ಸಾಲಿಗೆ ಗೊತ್ತಾಗುತ್ತಿತ್ತು. ಆ ಸಾಲು ಬರುವವರೆಗೆ ತಾರಸಿಯಲ್ಲಿ ಒಬ್ಬನೂ ಕೆಮ್ಮುತ್ತಿರಲಿಲ್ಲ. ಈಗ ಅವರಲ್ಲೇ ಅರ್ಧ ಜನ ನಾನೇ ರಾಜ, ನನ್ನ ಗಾಡಿ ನೋಡು ಎಂದು ಒದರಿ ಹೊಟ್ಟೆ ಹೊರೆಯುತ್ತಿದ್ದಾರೆ. ಉಳಿದರ್ಧ ಬಾಯಿ ಮುಚ್ಚಿಕೊಂಡು ಬೇರೆ ಕೆಲಸ ನೋಡಿಕೊಂಡಿದ್ದಾರೆ.

ಗೊಣಗನಿಗೆ ಆ ನೆಲಮಹಡಿಯ ಚರಣ ಮಾತ್ರ ಬಿಡಲಾಗದ್ದಾಗಿತ್ತು. ಕಾರಣ ಕತ್ತರಿಗೆ ಗೊತ್ತಿರಲಿಲ್ಲ.

ಅವನ ಅಣ್ಣ ಲಿಫ್ಟ್ ಮೆಕ್ಯಾನಿಕ್. ಎರಡು ವರ್ಷದ ಹಿಂದೆ, ಜೊತೆಗಾರ ರಜೆ ಹಾಕಿದ ಒಂದು ದಿನ, ತಮ್ಮನನ್ನೇ ಕೆಲಸಕ್ಕೆ ಎಳೆದುಕೊಂಡು ಹೋಗಿದ್ದ. ಅಣ್ಣ ಲಿಫ್ಟ್ ಓಡುವ ಬಾವಿಯ ತಳಕ್ಕಿಳಿದ. ಅಣ್ಣನಿಗೆ ಕೆಲಸ ಕಲಿಸಿದ ಮೇಸ್ತ್ರಿ ಗೊಣಗನನ್ನು ಮೇಲಿನ ಮೋಟಾರ್ ಕೋಣೆಯಲ್ಲಿ ನಿಲ್ಲಿಸಿದ. "ಹತ್ತು ನಿಮಿಷ ಬಿಟ್ಟು ಈ ಬಟನ್ ಒತ್ತಿ ಲಿಫ್ಟ್ ಇಳಿಸು. ಅಷ್ಟರಲ್ಲಿ ಕಂಬಿ ಮೇಲೆ ಮೂರು ಸಲ ಬಡಿದದ್ದು ಕೇಳಿಸಿತೋ, ಮುಟ್ಟಬೇಡ. ಮೂರು ಬಡಿತ ಅಂದ್ರೆ ನಾನಿನ್ನೂ ಕೆಳಗಿದ್ದೀನಿ ಅಂತ ನಿಮ್ಮಣ್ಣ ಹೇಳಿದ ಹಾಗೆ." ಇಷ್ಟು ಹೇಳಿ ಯಾವುದೋ ಬಿಡಿಭಾಗ ತರಲು ಹೋದ. ಏಳು ಮಹಡಿ ಮೇಲಕ್ಕೆ ಕೂಗು ಮುಟ್ಟುವುದಿಲ್ಲ, ಕಬ್ಬಿಣದ ಸದ್ದು ಮುಟ್ಟುತ್ತದೆ. ಅವರ ಕೆಲಸದಲ್ಲಿ ಸ್ಪ್ಯಾನರ್ರೇ ಬಾಯಿ.

ಗೊಣಗನ ಒಂದು ಕಿವಿಯಲ್ಲಿ ಇಯರ್‌ಫೋನ್ ಇತ್ತು. ಹೊಸ ಬೀಟಿಗೆ ಸಾಲು ಕೂರಿಸುತ್ತಿದ್ದ. ಟಕ್, ಟಕ್, ಟಕ್. ಮೂರೂ ತಾಳಕ್ಕೆ ಕೂದಲೆಳೆಯಷ್ಟೂ ತಪ್ಪದೆ ಬಿದ್ದವು. ತಾಳ ಗೊತ್ತಿಲ್ಲದವನಾಗಿದ್ದರೆ ಬೆಚ್ಚಿ ಕೈ ಹಿಂದಕ್ಕೆ ತೆಗೆಯುತ್ತಿದ್ದ. ಇವನು, ಬೀಟ್ ಮಾಡಿದವನು ಎಂಥ ಜಾಗದಲ್ಲಿ ಕಬ್ಬಿಣದ ಸದ್ದು ಹಾಕಿದ್ದಾನೆ ನೋಡು ಎಂದು ತಲೆದೂಗಿದ. ತಲೆದೂಗುತ್ತಲೇ ಬಟನ್ ಒತ್ತಿದ.

"ನಾನೇ ಒತ್ತಿದೆ ಅಂತೀನಿ," ಎಂದ ಮೇಸ್ತ್ರಿ, ಜನ ಸೇರುವ ಮೊದಲೇ. ಅವನ ಕೈಯಲ್ಲಿ ಆ ಬಿಡಿಭಾಗದ ಪೊಟ್ಟಣ ಇನ್ನೂ ಇತ್ತು. "ನಿಮ್ಮಮ್ಮನಿಗೆ ಉಳಿದಿರೋನು ನೀನೊಬ್ಬ. ತುಟಿ ಪಿಟಕ್ ಅನ್ನಬೇಡ."

ಮೇಸ್ತ್ರಿಯ ಕೆಲಸ ಹೋಯಿತು. ಅಮ್ಮ ಅಂದಿನಿಂದ ಅವನಿಗೆ ಶಾಪ ಹಾಕದೆ ಬಾಯಿಗೆ ತುತ್ತಿಟ್ಟವಳಲ್ಲ. ಲಿಫ್ಟ್ ಇಲ್ಲದ ಕಟ್ಟಡವನ್ನೇ ಹುಡುಕಿ ಮೂರನೇ ಮಹಡಿಗೆ ಮನೆ ಬದಲಾಯಿಸಿದಳು. ನಿಜ ಹೇಳಿಬಿಡಬೇಕೆಂದು ಗೊಣಗ ಎಷ್ಟೋ ಸಲ ಅವಳೆದುರು ಹೋಗಿ ಕೂತ. ನಾಲಿಗೆ ಮೇಲೇಳಲಿಲ್ಲ. ತಾನು ಹೇಳಲಾರದ್ದನ್ನು ಲಿಫ್ಟಿನ ಬಾಯಲ್ಲಿ ಹೇಳಿಸಿದರಾಯಿತು, ಅಮ್ಮ ಕೊನೆಯ ಚರಣ ಕೇಳಿದರೆ ಸಾಕು ಎಂದು ಅದೇ ಬೀಟಿಗೆ, ಅದೇ ಮೂರು ಬಡಿತ ಇಟ್ಟು, ವರ್ಷವಿಡೀ ಕೂತು ಬರೆದದ್ದು ಈ ಹಾಡು.

ಕತ್ತರಿಗೆ ಆ ಬಡಿತ ಬಹಳ ಹಿಡಿಸಿತು. "ಇದಿದೆಯಲ್ಲ, ಇದು ಬಂಗಾರ," ಎಂದು ಮೂರು ಬಡಿತ ಮತ್ತು 'ಇಳಿ ಇಳಿ ಇಳಿಯೋ' ಎಂಬ ಪಲ್ಲವಿ ಉಳಿಸಿ, ಮಹಡಿಗಳನ್ನೆಲ್ಲ ಕೆಡವಿದ. "ಪೂರ್ತಿ ಹಾಡು ಆಮೇಲೆ ಬಿಡೋಣ," ಎಂದ. ಗೊಣಗ ಜಗಳ ಆಡಬಹುದಿತ್ತು. ನೆಲಮಹಡಿ ಪರದೆಯಿಂದ ಅಳಿಸಿಹೋದಾಗ ಅವನ ಎದೆ ಹಗುರಾಯಿತು. ಆ ಹಗುರಕ್ಕೆ ಅವನಿಗೆ ಆಮೇಲೆ ತನ್ನ ಮೇಲೇ ಹೇಸಿಗೆಯಾಯಿತು, ಆದರೆ ಆ ಗಳಿಗೆಯಲ್ಲಿ ಹಾಯೆನಿಸಿದ್ದು ಸುಳ್ಳಲ್ಲ.

ನಲವತ್ತು ಸೆಕೆಂಡಿನ ತುಂಡು ಊರೆಲ್ಲ ಹಬ್ಬಿತು. ಬಸ್ಸಿನಲ್ಲಿ ಸೀಟಿನ ಬೆನ್ನಿಗೆ ಟಕ್ ಟಕ್ ಟಕ್, ಹೋಟೆಲಿನಲ್ಲಿ ಲೋಟದ ಮೇಲೆ ಟಕ್ ಟಕ್ ಟಕ್. ಜನ ಬಡಿದರು, ಕುಣಿದರು, ನಕ್ಕರು. ಪೂರ್ತಿ ಹಾಡು ಗೊಣಗನ ಫೋನಿನಲ್ಲೇ ಉಳಿಯಿತು.

ಒಂದು ದಿನ ಮೇಸ್ತ್ರಿ ಅವನನ್ನು ಬಸ್‌ಸ್ಟಾಪಿನಲ್ಲಿ ಹಿಡಿದ. ಈಗ ಯಾವುದೋ ಗೋದಾಮಿನ ಗೇಟ್ ಕಾಯುತ್ತಿದ್ದ, ಅರ್ಧ ಆಳಾಗಿದ್ದ.

"ಆ ಬಡಿತ ಕೇಳಿದೆ. ಹಾಡು ಅಷ್ಟೇನಾ?"

"ಇಲ್ಲ ಮೇಸ್ತ್ರಿ. ಇನ್ನೂ ಇದೆ. ಕೊನೇಲಿ ಎಲ್ಲಾ ಇದೆ."

ಮೇಸ್ತ್ರಿ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದ. "ಅವತ್ತು ನಾನೇ ನಿನ್ನ ಬಾಯಿ ಮುಚ್ಚಿಸಿದೆ. ಆ ಕಳಂಕ ಹೊರ್ತೀನಿ ಅಂದ್ಕೊಂಡಿದ್ದೆ, ಆಗ್ತಿಲ್ಲ ಮಗಾ. ನಿಮ್ಮಣ್ಣನ ತಾಯಿ ಕಣೋ ಅವರು, ಅವರ ಕೈಯಲ್ಲಿ ಎಷ್ಟು ಸಲ ಉಂಡಿದ್ದೀನಿ! ಸಾಯೋದ್ರೊಳಗೆ ಒಂದ್ಸಲ ಅವರ ಮುಖ ನೋಡಬೇಕು. ಹಾಡು ಕೇಳಿಸು ಅವರಿಗೆ."

ಭಾನುವಾರ ಎಂದು ನಿಕ್ಕಿಯಾಯಿತು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. "ನಾನು ಕೆಳಗೆ ಮೆಟ್ಟಿಲ ಮೇಲೆ ಕೂತಿರ್ತೀನಿ. ಮುಗಿದ ಮೇಲೆ ಕರಿ," ಎಂದ.

ಅಮ್ಮ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಗೊಣಗ ಬಾಗಿಲು ತೆರೆದೇ ಇಟ್ಟು, ಅವಳ ಪಕ್ಕ ಕೂತು, ಫೋನಿನಲ್ಲಿ ಹಾಡು ಹಚ್ಚಿದ. ಏಳನೇ ಮಹಡಿಯಲ್ಲಿ ಹೊಸದಾಗಿ ಮದುವೆಯಾದವರು ಬಂದರು. ಆರನೇ ಮಹಡಿಯಲ್ಲಿ ದಿನವೂ ಕನ್ನಡಿಯ ಜೊತೆ ಜಗಳವಾಡುವ ಮುದುಕ. ಅಮ್ಮ ಹೂಂಗುಟ್ಟಿದಳು. ಐದನೆಯದಕ್ಕೆ ಆಕಳಿಸಿದಳು.

"ನಿನ್ನ ಹಾಡು ಯಾವಾಗ ಬರುತ್ತೋ?"

"ಇದೇ ಅಮ್ಮ ಹಾಡು."

"ಇದಲ್ಲ ಕಣೋ, ಎಲ್ಲರೂ ಹಾಡ್ತಾರಲ್ಲ, ಅದು. ಟಕ್ ಟಕ್ ಅನ್ನೋ ಜಾಗಕ್ಕೆ ಹಾಕು."

"ಕೊನೇವರೆಗೂ ಕೇಳಮ್ಮ. ಇನ್ನು ನಾಲ್ಕು ನಿಮಿಷ."

"ಕೊನೇಲಿ ಏನಿದೆ ಅಂಥದ್ದು?"

ಅಮ್ಮ ಚಾಕು ನಿಲ್ಲಿಸಿ ಅವನ ಮುಖ ನೋಡಿದಳು. ಕೇಳಿಯೇ ಬಿಟ್ಟಿದ್ದಳು, ಹೇಳಲು ಇನ್ನು ಲಿಫ್ಟೂ ಬೇಕಿರಲಿಲ್ಲ, ಚರಣವೂ ಬೇಕಿರಲಿಲ್ಲ.

"ಏನಿಲ್ಲಮ್ಮ," ಎಂದು ಹಾಡನ್ನು ಮುಂದಕ್ಕೆ ಓಡಿಸಿದ.

ಟಕ್, ಟಕ್, ಟಕ್. ಅಮ್ಮ ಚಾಕುವಿನ ಹಿಡಿಯಿಂದ ಮಣೆಯ ಮೇಲೆ ಅದೇ ತಾಳ ಹಾಕಿ, ಎರಡು ವರ್ಷದಲ್ಲಿ ಮೊದಲ ಸಲ ಹಲ್ಲು ಕಾಣುವಂತೆ ನಕ್ಕಳು. "ನಿಮ್ಮಣ್ಣ ಇದ್ದಿದ್ರೆ ಕುಣಿದುಬಿಡ್ತಿದ್ದ," ಎಂದಳು. ಮರುಗಳಿಗೆಯೇ ಕಣ್ಣು ತುಂಬಿತು. "ಆ ಮೇಸ್ತ್ರಿ ಮನೆ ಹಾಳಾಗ."

ಕೆಳಗೆ ಕಾದು ಕಾದು ಮೇಸ್ತ್ರಿಗೆ ಸಾಕಾಗಿರಬೇಕು. ಬಹುಶಃ ಕೈಲಿದ್ದ ಬೀಗದ ಕೈಯಿಂದ, ಮೆಟ್ಟಿಲ ಕಬ್ಬಿಣದ ಕಂಬಿಗೆ ಮೂರು ಸಲ ಬಡಿದ. ಸದ್ದು ಕಂಬಿ ಹಿಡಿದು ಮೂರು ಮಹಡಿ ಹತ್ತಿ ತೆರೆದ ಬಾಗಿಲಿನಿಂದ ಒಳಗೆ ಬಂತು.

"ನೋಡೋ," ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು, "ಕೆಳಗೂ ಯಾರೋ ನಿನ್ನ ಹಾಡೇ ಬಡೀತಿದ್ದಾರೆ."

ಗೊಣಗ ಎದ್ದು ಬಾಗಿಲ ತನಕ ಹೋದ. ಮತ್ತೆ ಮೂರು ಬಡಿತ ಬಂತು. ಅವನು ಬಾಗಿಲು ಹಾಕಿ, ಫೋನಿನ ಸದ್ದು ಹೆಚ್ಚು ಮಾಡಿದ.