ಅರ್ಧ ಮೈಲಿ ತಂತಿ

ನೊಣ, ಅದೇ ನೊಣ ಮತ್ತೆ, ತಂತಿ ಸುದ್ದಿ ಕುಟ್ಟುವ ಕೀಯ ಪಕ್ಕದ ಹಿತ್ತಾಳೆ ಅಗುಳಿಯ ಮೇಲೆ ಕೂತು ಕಾಲುಜ್ಜಿಕೊಳ್ಳುತ್ತಿದೆ, ತಂತಿಯಲ್ಲಿ ಏನಾದರೂ ಬಂದು ಸೌಂಡರು ಟಕ್ಕೆಂದರೆ ಹಾರುತ್ತದೆ, ಸುಮ್ಮನಾದರೆ ಬಂದು ಕೂರುತ್ತದೆ, ಈ ಮೇಜಿನ ಮೇಲೆ ಹೆಚ್ಚಿನ ಕೆಲಸವಿಲ್ಲವೆಂದು ಅದಕ್ಕೂ ಗೊತ್ತಾಗಿಬಿಟ್ಟಿದೆ — ಓಡಿಸಬೇಕು, ಓಡಿಸಬೇಕೆಂದರೆ ಕೈ ಎತ್ತಬೇಕು, ಎತ್ತಿದರೆ ಹಗ್ಗದಾಚೆ ನಿಂತ ಜನ ಅದು ನಡುಗುವುದನ್ನು ನೋಡುತ್ತಾರೆ, ಹಾಗಾಗಿ ಓರಿನ್ ಸ್ಟೌಫರ್ ಬಲಗೈಯನ್ನು ತೊಡೆಯಡಿಗೆ ತುರುಕಿಕೊಂಡು ಕೂತಿದ್ದಾನೆ, ಎಪ್ಪತ್ತೇಳು ವರ್ಷದ ಗಂಡಸಿಗೆ ಇದೂ ಬಂತು. ಉಣ್ಣೆಯ ವೇಸ್ಟ್‌ಕೋಟಿನೊಳಗೆ ಬೆವರು ಬೆನ್ನಗುಂಟ ಇಳಿಯುತ್ತಿದೆ, ಜುಲೈ ತಿಂಗಳಲ್ಲಿ ಉಣ್ಣೆ, ಅಂದಿನವರು ಹೇಗೆ ತಡೆದರೋ, ತಡೆಯಲಿಲ್ಲ ಪಾಪ, ಸತ್ತರು. ಅಮೆರಿಕದ ಅಂತರ್ಯುದ್ಧವನ್ನು ಮತ್ತೆ ಆಡಿ ತೋರಿಸುವ ಈ ಹೊಲದಲ್ಲಿ ಇದು ಸಾವಿರದೆಂಟುನೂರ ಅರವತ್ತಮೂರು, ಭಾನುವಾರ ಸಂಜೆ ನಾಲ್ಕರ ತನಕ ಮಾತ್ರ, ಆಮೇಲೆ ಜನರಲ್‌ಗಳೂ ಹೆಣಗಳೂ ಒಟ್ಟಿಗೆ ಕಾರು ಹತ್ತಿ ಮನೆಗೆ ಹೋಗುತ್ತಾರೆ. ಮೇಜಿನಿಂದ ತಂತಿ ಹೊರಟು, ಕಂಬದಿಂದ ಕಂಬಕ್ಕೆ, ಕೊಯ್ದ ಗೋಧಿ ಹೊಲ ದಾಟಿ ಗುಡ್ಡ ಹತ್ತುತ್ತದೆ, ಅರ್ಧ ಮೈಲಿ, ಆ ತುದಿಯಲ್ಲಿ ಇಂಥದೇ ಇನ್ನೊಂದು ಮೇಜು, ಇನ್ನೊಂದು ಕೀ, ಅದರ ಮುಂದೆ ವರ್ನಾ, ಹತ್ತೊಂಬತ್ತು ವರ್ಷದ ಹಿಂದಿನವರೆಗೆ ಅವನ ಹೆಂಡತಿ — ನಿನ್ನೆ ಮಧ್ಯಾಹ್ನ ಅವನು ಎರಡು ಸಾಲು ಕಳಿಸಿದ ಮೇಲೆ ಅಲ್ಲಿಂದ ಕೇಳಿದಳು, ಕೀ ಮುಂದೆ ಕೂತಿರೋದು ಯಾರು. ಯಾರು ಅಂತೆ. ಐವತ್ತು ವರ್ಷಕ್ಕೂ ಹೆಚ್ಚು ಅವನ ಕೈ ಕೇಳಿದವಳು. ಅವನು ಅದಕ್ಕೆ ಉತ್ತರ ಕೊಡದೆ ಶತ್ರು ಎಡಕ್ಕೆ ಸರಿಯುತ್ತಿದ್ದಾನೆ ಅನ್ನುವ ಮುಂದಿನ ಸಾಲು ಕಳಿಸಿದ, ಅದನ್ನೂ ಅವಳು ಎರಡು ಸಲ ಕೇಳಿ ಬರೆದುಕೊಂಡಳು, ರಾತ್ರಿಯಿಡೀ ಅವನಿಗೆ ನಿದ್ದೆ ಹತ್ತಲಿಲ್ಲ.

ತಂತಿಯವರಿಗೆ ಮುಖಕ್ಕಿಂತ ಕೈ ಮೊದಲು, ಅದು ಹೊರಗಿನವರಿಗೆ ತಿಳಿಯುವುದಿಲ್ಲ, ಒಬ್ಬೊಬ್ಬನ ಕೈಗೂ ಒಂದೊಂದು ನಡಿಗೆ, ಒಬ್ಬ ಓಡುತ್ತಾನೆ, ಒಬ್ಬ ಕುಂಟುತ್ತಾನೆ, ರೈಲ್ವೆಯಲ್ಲಿ ಅವನು ಒಂದು ಸಣ್ಣ ಸ್ಟೇಷನ್ನು, ವರ್ನಾ ಹನ್ನೊಂದು ಮೈಲಿ ಆಚೆಯ ಜಂಕ್ಷನ್ನು, ಏಳು ತಿಂಗಳು ಒಬ್ಬರ ಮುಖ ಒಬ್ಬರು ಕಾಣದೆ ಗೂಡ್ಸ್ ಗಾಡಿಗಳ ನಡುವೆ ಮಾತಾಡಿದ್ದೇ ಮಾತಾಡಿದ್ದು, ಕೊನೆಗೆ ರೈಲ್ವೆಯವರ ಪಿಕ್‌ನಿಕ್ಕಿನಲ್ಲಿ ಕೋಳಿ-ಜೋಳದ ಸೂಪಿನ ಬಟ್ಟಲು ಹಿಡಿದು ಅವನ ಮುಂದೆ ನಿಂತು, ಓ ನೀನಾ, ನಿನ್ನ ಕೈ ಕೇಳಿ ಇನ್ನೂ ಸ್ವಲ್ಪ ಎತ್ತರ ಇರ್ತೀಯ ಅಂದ್ಕೊಂಡಿದ್ದೆ ಕಣೋ ಅಂದಳು. ಅವಳೇ ಹೇಳಿದ್ದು, ಪ್ರತಿ ಮಾತಿನ ಕೊನೇ ಅಕ್ಷರಕ್ಕೆ ಮುಂಚೆ ಒಂದು ಉಸಿರು ನಿಲ್ತೀಯ ನೀನು, ಬಾಗಿಲ ಹತ್ರ ಬಂದು ಒಳಗೆ ಹೋಗ್ಲೋ ಬೇಡ್ವೋ ಅನ್ನೋರ ಥರ. ಅವನಿಗೇ ಗೊತ್ತಿರಲಿಲ್ಲ. ಈಗ ಆ ಉಸಿರೂ ಇಲ್ಲ, ಕೀ ಮುಟ್ಟಿದರೆ ಸಾಕು ಬೆರಳು ತಾನಾಗಿ ಹೊಡೆದುಕೊಳ್ಳುತ್ತದೆ, ಒಂದು ಒತ್ತಿದರೆ ಮೂರು ಬೀಳುತ್ತದೆ, ಮಾರ್ಚಿನಲ್ಲಿ ಡಾಕ್ಟರು ಕೈ ಹಿಡಿದು ತಿರುಗಿಸಿ ನೋಡಿ ಪಾರ್ಕಿನ್ಸನ್ಸ್ ಅಂದರು, ಮನೇಲಿ ಯಾರಿಗೆ ಹೇಳೋಣ ಮಿಸ್ಟರ್ ಸ್ಟೌಫರ್ ಅಂದರು, ಯಾರೂ ಇಲ್ಲ ಅಂದ. ಆಮೇಲೆ ಮನೆಗೆ ಬಂದು ಫೋನೆತ್ತಿ ವರ್ನಾಳ ನಂಬರು ಒತ್ತಿ, ಅವಳು ಹಲೋ ಅನ್ನುವಷ್ಟರಲ್ಲಿ ಇಟ್ಟುಬಿಟ್ಟ, ಹಲೋಗೆ ಏನು ಹೇಳುವುದು, ಬಾಯಿಗೆ ಮೊದಲಿನಿಂದಲೂ ಬೀಗ, ಅವನಿಗೆ ಮಾತಿದ್ದದ್ದು ಈ ಬಲಗೈಯಲ್ಲಿ ಮಾತ್ರ, ಅದೂ ಈಗ ಕೈಕೊಟ್ಟಿತು.

ತಂತಿ ಮೇಲೆ ಅಷ್ಟು ಚೆನ್ನಾಗಿ ಮಾತಾಡ್ತಿದ್ದೆ, ಮನೇಲಿ ಏನಾಗುತ್ತೆ ನಿಂಗೆ — ಅದು ವರ್ನಾ, ಮದುವೆಯಾದ ಎರಡನೇ ವರ್ಷವೇ, ಬೇಜಾರಿನಿಂದಲ್ಲ, ನಗುತ್ತಲೇ, ಅದಕ್ಕೆ ಅವಳೇ ಒಂದು ಉಪಾಯ ಹುಡುಕಿದಳು, ಊಟದ ಮೇಜಿನ ಮೇಲೆ ಚಮಚದಿಂದ ಟಕಟಕ, ಉಪ್ಪು ಕೊಡು, ಇವತ್ತು ಹೇಗಿತ್ತು, ಆ ಟೈ ಚೆನ್ನಾಗಿಲ್ಲ, ಅವನೂ ಫೋರ್ಕು ತಿರುಗಿಸಿ ಟಕಟಕ, ಬಂದ ನೆಂಟರು ಈ ಇಬ್ಬರಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಆಮೇಲೆ ರೈಲ್ವೆಯವರು ತಂತಿ ಕಿತ್ತು ಎಲ್ಲ ಕಡೆ ಟೆಲಿಫೋನು ಹಾಕಿದರು, ಅವನು ಗೂಡ್ಸ್ ಶೆಡ್ಡಿನಲ್ಲಿ ಚೀಟಿ ಬರೆಯುವವನಾದ, ಸುಸ್ತಾಗಿ ಬರುತ್ತಿದ್ದ, ಚಮಚ ಹೊಡೆದುಕೊಳ್ಳುತ್ತಿತ್ತು, ಫೋರ್ಕು ಒಂದೊಂದು ದಿನ ಉತ್ತರ ಕೊಡುತ್ತಿತ್ತು, ಆಮೇಲೆ ವಾರಕ್ಕೊಂದು, ಆಮೇಲೆ ಇಲ್ಲ. ಆ ಬೆಳಿಗ್ಗೆ ಓಟ್ಸು, ಕಿಟಕಿಯಲ್ಲಿ ಬಿಸಿಲು, ಚಮಚ ನಿಧಾನವಾಗಿ ಹೊಡೆಯಿತು — ಇದ್ದೀಯಾ. ಕೇಳಿಸಿತ್ತು. ಪ್ರತಿಯೊಂದು ಅಕ್ಷರ ಕೇಳಿಸಿತ್ತು. ಅವನು ಪೇಪರಿನ ಹಾಳೆ ತಿರುಗಿಸಿದ. ಅವಳು ಕಾದಳು, ಎಷ್ಟು ಹೊತ್ತು ಎಂದು ಅವನಿಗೆ ಈಗಲೂ ಗೊತ್ತು, ಬೇಸ್‌ಬಾಲ್ ಅಂಕಣ ಪೂರ್ತಿ ಓದುವಷ್ಟು, ಆಮೇಲೆ ಚಮಚ ತೊಳೆದು ಸ್ಟ್ಯಾಂಡಿಗೆ ಹಾಕಿ ಅಕ್ಕನ ಊರಿಗೆ ಹೋದಳು, ಹೋದವಳು ಹೋದಳು. ವರ್ಷಕ್ಕೊಮ್ಮೆ ಈ ಹೊಲಕ್ಕೆ ಮಾತ್ರ ಬರುತ್ತಾಳೆ, ಕಂದು ಲಂಗ, ತಲೆಗೆ ಬಾನೆಟ್ಟು, ಸೀದಾ ಗುಡ್ಡ ಹತ್ತುತ್ತಾಳೆ, ಸಂಜೆ ಆ ಕಡೆಯಿಂದಲೇ ಇಳಿದು ಹೋಗುತ್ತಾಳೆ, ನಡುವೆ ತಂತಿಯಲ್ಲಿ ಫಿರಂಗಿ ಎಷ್ಟು, ಕುದುರೆ ಎಷ್ಟು, ಎಡಕ್ಕೋ ಬಲಕ್ಕೋ, ಅಷ್ಟೇ. ಆ ಇದ್ದೀಯಾಗೆ ಉತ್ತರ ಹತ್ತೊಂಬತ್ತು ವರ್ಷದಿಂದ ಈ ಕೈಯಲ್ಲೇ ಇದೆ, ಪ್ರತಿ ಜುಲೈಯಲ್ಲೂ ಮುಂದಿನ ಜುಲೈಗೆ ಅಂದುಕೊಂಡ.

ಈಗ ಮುಂದಿನ ಜುಲೈ ಇಲ್ಲ. ಬೆಳಿಗ್ಗೆ ಕ್ಯಾಪ್ಟನ್ ಕ್ರಾಟ್ಜ್ ಬಂದು ಡೇರೆಯ ಬಾಗಿಲಲ್ಲಿ ನಿಂತ, ವಾರದ ದಿನಗಳಲ್ಲಿ ಬಚ್ಚಲ ಬಾಯ್ಲರ್ ರಿಪೇರಿ ಮಾಡುವವನು, ಒಳ್ಳೆಯವನೇ, ಹೊಟ್ಟೆಯ ಮೇಲೆ ಕತ್ತಿಯ ಪಟ್ಟಿ ಏರುವುದಿಲ್ಲ ಅಷ್ಟೇ — ನೋಡು ಓರಿನ್, ಬೇಜಾರು ಮಾಡ್ಕೋಬೇಡ, ನಿನ್ನೆ ಸುದ್ದಿ ಮುಟ್ಟೋದು ತಡವಾಗಿ ಫಿರಂಗಿ ಹಾರಿದ್ದು ಆರು ನಿಮಿಷ ಲೇಟು, ಸತ್ತು ಬೀಳ್ಬೇಕಾದೋರೆಲ್ಲ ನಿಂತ್ಕೊಂಡು ಒಬ್ಬರ ಮುಖ ಒಬ್ಬರು ನೋಡ್ತಿದ್ರು, ಜನ ನಕ್ರು ಮಾರಾಯ. ಮುಂದಿನ್ವರ್ಷ ಮೇಜಿನ ಕೆಳಗೆ ಒಂದು ಪೆಟ್ಟಿಗೆ ಇಡೋಣ, ಅದೇ ಟಕಟಕ ಅಂದ್ಕೊಳ್ಳತ್ತೆ, ನೀನು ಸುಮ್ನೆ ಕೀ ಮೇಲೆ ಕೈ ಇಟ್ಕೊಂಡು ಕೂತ್ಕೊ, ಗಡ್ಡ ಚೆನ್ನಾಗಿದೆ ನಿಂದು. ತಂತಿ, ಅಂದ ಓರಿನ್. ತಂತಿ ಯಾಕೆ ಆಮೇಲೆ, ಅಷ್ಟು ಕಂಬ ಯಾರು ಹೂಳ್ತಾರೆ ಈ ಬಿಸಿಲಲ್ಲಿ. ಹೋಗುವವನು ತಿರುಗಿ ಸೌಂಡರಿನ ಹಿಂದೆ ನಿಲ್ಲಿಸಿದ್ದ ತಂಬಾಕಿನ ತಗಡು ಡಬ್ಬಿ ನೋಡಿದ, ಅದರಿಂದ ಸದ್ದು ದೊಡ್ಡದಾಗುತ್ತದೆ, ರೈಲ್ವೆಯ ಮುದುಕರೆಲ್ಲ ಹಾಗೇ ಇಡುತ್ತಿದ್ದದ್ದು, ಅದು ಆ ಕಾಲದ್ದಲ್ಲಪ್ಪ ಒಳಗಿಡು ಅಂದ, ನಾನೂ ಆ ಕಾಲದವನಲ್ಲ ಅಂದ ಓರಿನ್, ಡಬ್ಬಿ ಅಲ್ಲೇ ಇದೆ.

ಹಗ್ಗದಾಚೆ ರೇಡಿಯೋ ಸಂಘದ ಟೋಪಿ ಹಾಕಿದವನೊಬ್ಬ ಕಿವಿಗೊಟ್ಟು ಹೆಂಡತಿಗೆ ಹೇಳುತ್ತಿದ್ದಾನೆ, ಇದು ಮೋರ್ಸೇ ಅಲ್ಲ ಕಣೆ, ಏನೋ ಬಾಯಿಗೆ ಬಂದ ಹಾಗೆ ಕುಟ್ತಾ ಇದಾನೆ — ಇದು ಹಳೆಯ ಲಿಪಿ, ರೈಲ್ವೆಯವರದು, ರೇಡಿಯೋದವರದು ಬೇರೆ, ಹೇಳಬಹುದಿತ್ತು, ಯಾರಿಗೆ ಬೇಕು. ಈ ಹೊಲದಲ್ಲಿ ಮೂರು ಸಾವಿರ ಜನ, ಈ ಸದ್ದು ತಿಳಿಯುವವರು ಇಬ್ಬರು. ಅದೇ ಒಳ್ಳೆಯದಾಯಿತು. ಎರಡೂವರೆಗೆ ಕ್ರಾಟ್ಜ್ ಚೀಟಿ ಕಳಿಸಿದ, ಶತ್ರು ಮರದ ತೋಪಿನ ಹಿಂದೆ, ಬಲಕ್ಕೆ ಎರಡು ಫಿರಂಗಿ ಬೇಕು, ಓರಿನ್ ಎಡಗೈಯಿಂದ ಅಗುಳಿ ತೆಗೆದು, ಬಲಗೈಯಿಂದ ಒಂದೊಂದೇ ಅಕ್ಷರ, ಹಲ್ಲು ಕಚ್ಚಿ, ಕಲ್ಲು ಹೊತ್ತ ಹಾಗೆ, ಮುಗಿಸಿ ಎಡಗೈಯಿಂದ ಅಗುಳಿ ಹಾಕಿದ, ಆ ಕಡೆಯಿಂದ ಮುಟ್ಟಿತು ಅಂತ ಬಂತು, ಯಾರು ಅಂತ ಕೇಳಲಿಲ್ಲ ಈ ಸಲ, ಕೇಳಿದ್ದರೆ ಚೆನ್ನಾಗಿತ್ತು. ಫಿರಂಗಿ ಸರಿಯಾದ ಹೊತ್ತಿಗೆ ಹಾರಿತು. ಜನ ಚಪ್ಪಾಳೆ ತಟ್ಟಿದರು. ಅವನಿಗೆ ಮಲಗಬೇಕೆನಿಸಿತು, ಇಲ್ಲೇ, ಮೇಜಿನ ಕೆಳಗೆ, ಆ ಪೆಟ್ಟಿಗೆ ಬರುವ ಜಾಗದಲ್ಲಿ.

ಅಗುಳಿ — ಎಶ್‌ಬಾಕ್ ಅನ್ನುವ ಮುದುಕ, ಅವನಿಗೆ ಕೆಲಸ ಕಲಿಸಿದವನು, ಅಡಿಕೋಲು ಹಿಡಿದೇ ಕೂರುತ್ತಿದ್ದ, ಕಳಿಸೋ ಮುಂಚೆ ಅಗುಳಿ ತೆಗಿ, ಕಳಿಸಿದ ಮೇಲೆ ಅಗುಳಿ ಹಾಕು, ತೆಗೆದೇ ಬಿಟ್ಯೋ ಇಡೀ ಲೈನು ಸಾಯತ್ತೆ, ಯಾರ ಮಾತೂ ಯಾರಿಗೂ ಮುಟ್ಟಲ್ಲ, ಪಕ್ಕದೋನು ಹೊಡ್ಕೊಂಡು ಹೊಡ್ಕೊಂಡು ಕೈ ನೋಯಿಸ್ಕೋತಾನೆ, ಆಮೇಲೆ ಎಲ್ಲಿ ತುಂಡಾಯ್ತೋ ಅಂತ ಪಾಪ ತಂತಿ ಹಿಡ್ಕೊಂಡು ಮೈಲಿಗಟ್ಟಲೆ ನಡೀತಾನೆ, ತಂತಿ ನೆಟ್ಟಗೇ ಇರತ್ತೆ, ತಪ್ಪು ಮಾಡಿದ ಕತ್ತೆ ಇಲ್ಲಿ ಕೂತಿರತ್ತೆ. ಒಂದು ಸಲ ಒಬ್ಬ ಅಗುಳಿ ಹಾಕದೆ ಪೈ ತಿನ್ನಲು ಎದ್ದು ಹೋಗಿ ಹಾಲಿನ ಗಾಡಿ ನಲವತ್ತು ನಿಮಿಷ ನಿಂತಿತು, ಹಾಲು ಒಡೆಯಿತು, ಅವನನ್ನು ಕೆಲಸದಿಂದ ತೆಗೆದರು. ಬಲಗೈ ಕಳಿಸಬೇಕು, ಎಡಗೈ ಅಗುಳಿ ನೋಡಿಕೊಳ್ಳಬೇಕು, ಓರಿನ್ ಅರವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿದವನಲ್ಲ, ಅದೊಂದು ಹೆಮ್ಮೆ ಅವನಿಗೆ, ಬೇರೆ ಹೆಮ್ಮೆಯೇನೂ ಉಳಿದಿಲ್ಲ.

ಮೂರು ಗಂಟೆ, ತುಪಾಕಿಗಳ ಸದ್ದು, ಹೊಗೆ, ಜನರೆಲ್ಲ ಆ ಕಡೆಯ ಹಗ್ಗಕ್ಕೆ ಓಡಿದರು, ರೇಡಿಯೋ ಟೋಪಿಯವನೂ ಹೋದ, ಡೇರೆಯ ಮುಂದೆ ಯಾರೂ ಇಲ್ಲ, ಈಗ, ಈಗಲ್ಲದಿದ್ದರೆ ಇನ್ನಿಲ್ಲ — ಎಡಗೈಯಿಂದ ಅಗುಳಿ ತೆಗೆದ, ಬಲಗೈ ಕೀ ಮುಟ್ಟಿದ್ದೇ ತಡ ಕುಣಿಯತೊಡಗಿತು, ಟಕಟಕಟಕ ಅರ್ಥವಿಲ್ಲದ್ದು, ಆ ತುದಿಯಲ್ಲಿ ಅವಳು ಪೆನ್ಸಿಲು ಹಿಡಿದು ಹುಬ್ಬು ಗಂಟಿಕ್ಕಿರಬೇಕು, ಛೇ, ಎಡಗೈಯಿಂದ ಬಲಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದ, ಜೋರಾಗಿ, ಉಗುರು ಊರುವಷ್ಟು, ಆಗ ಬೆರಳೊಂದೇ ಆಡಿತು, ನಿಧಾನ, ಉದ್ದ, ಗಿಡ್ಡ, ಗಿಡ್ಡ — ನಾನೇ. ಪ್ರತಿ ಮಾತಿನ ಕೊನೆಯ ಅಕ್ಷರಕ್ಕೆ ಮುಂಚೆ ಬೇಕೆಂದೇ ಒಂದು ಉಸಿರು ನಿಂತ, ಗೊತ್ತಾಗಲಿ, ಇವನೇ ಎಂದು ಗೊತ್ತಾಗಲಿ. ನಾನೇ ಓರಿನ್. ಕೈ ಹೋಯಿತು. ಇದ್ದೇನೆ. ಒಮ್ಮೆ ಈ ಕಡೆ ಇಳಿದು ಬಾ. ಅಷ್ಟೇ, ಹತ್ತೊಂಬತ್ತು ವರ್ಷ ಹೊತ್ತುಕೊಂಡು ತಿರುಗಿದ್ದು ಇಷ್ಟೇ ಚಿಕ್ಕದು, ಎರಡು ಕೈಗಳನ್ನೂ ತೆಗೆದು ತೊಡೆಯಡಿಗೆ ಹಾಕಿಕೊಂಡು ಕಣ್ಣು ಮುಚ್ಚಿದ, ಕಿವಿಯನ್ನು ಮಾತ್ರ ತಗಡು ಡಬ್ಬಿಯ ಕಡೆ ಇಟ್ಟ. ಈಗ ಬರುತ್ತದೆ. ಅವಳದು ಚುರುಕು ಕೈ, ಬರೆದುಕೊಂಡು ಉಸಿರು ಬಿಡುವುದರೊಳಗೆ ಉತ್ತರ ಕೊಡುವವಳು. ಫಿರಂಗಿ. ಮತ್ತೊಂದು. ಡಬ್ಬಿ ಸುಮ್ಮನಿದೆ. ಬರೆದುಕೊಂಡಿದ್ದನ್ನು ಇನ್ನೊಮ್ಮೆ ಓದುತ್ತಿರಬೇಕು, ಓದಲಿ. ಕನ್ನಡಕ ಹುಡುಕುತ್ತಿರಬೇಕು. ಯಾರೋ ಕೂಗಿದರು, ಸತ್ತೋರೆಲ್ಲ ಎದ್ದೇಳ್ರಪ್ಪಾ ಮುಗೀತು, ನಗು, ಚಪ್ಪಾಳೆ, ಹೆಣಗಳು ಎದ್ದು ಹುಲ್ಲು ಕೊಡವಿಕೊಂಡು ನೀರು ಕುಡಿಯಲು ಹೊರಟವು, ಡಬ್ಬಿ ಸುಮ್ಮನೇ ಇದೆ. ಬೇಸ್‌ಬಾಲ್ ಅಂಕಣ ಓದುವಷ್ಟು ಹೊತ್ತಾಯಿತು, ಅದರ ಎರಡರಷ್ಟಾಯಿತು. ಸರಿ. ಕೊಟ್ಟದ್ದೇ ತಿರುಗಿ ಬಂತು, ಅವಳ ಮೇಲೆ ಸಿಟ್ಟಿಲ್ಲ, ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಶಕ್ತಿ ಬೇಕು, ಅಂದು ಆ ಮೇಜಿನ ಮುಂದೆ ಕೂತಿದ್ದಾಗ ಅವಳಿಗೂ ಹೀಗೇ ಆಗಿತ್ತೋ ಏನೋ, ಪಾಪ, ಇದು ಅವಳಿಗಾಗಿತ್ತು ಎಂದು ಅವನಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

ಕಣ್ಣು ತೆರೆದ. ಹೊಗೆ ಇಳಿದು ಗುಡ್ಡ ಕಾಣುತ್ತಿದೆ, ದೂರದ್ದು ಅವನಿಗೆ ಈಗಲೂ ಚೆನ್ನಾಗಿ ಕಾಣುತ್ತದೆ, ಹತ್ತಿರದ್ದೇ ಮಂಜು, ಮೇಜಿನ ಮುಂದೆ ಅವಳಿಲ್ಲ, ಎದ್ದಳು, ಹೊರಟೇಬಿಟ್ಟಳು, ಆ ಕಡೆಯ ಇಳಿಜಾರಿನಲ್ಲಿ ಅವಳ ಕಾರು ನಿಂತಿರುತ್ತದೆ — ಅಲ್ಲ, ಕಂದು ಲಂಗ ಈ ಕಡೆಯ ಇಳಿಜಾರಿನಲ್ಲಿದೆ, ಮೊದಲನೇ ಕಂಬದ ಹತ್ತಿರ, ಒಂದು ಕೈ ಮೇಲೆತ್ತಿ ತಂತಿಗೆ ತಾಗಿಸಿಕೊಂಡು, ಎರಡನೇ ಕಂಬ, ನಿಂತು ಬಗ್ಗಿ ಬುಡ ನೋಡುತ್ತಾಳೆ, ಮತ್ತೆ ಕೈ ಮೇಲಕ್ಕೆ, ಮೂರನೇ ಕಂಬ, ಎಪ್ಪತ್ತೈದು ವರ್ಷದ ಹೆಂಗಸು ಈ ಬಿಸಿಲಲ್ಲಿ ಗೋಧಿಯ ಕೂಳೆಯ ನಡುವೆ ಯಾಕೆ ಹೀಗೆ, ಏನು ಹುಡುಕುತ್ತಿದ್ದಾಳೆ, ಹೀಗೆ ನಡೆಯುವುದು ಲೈನು ಸತ್ತಾಗ ಮಾತ್ರ, ತುಂಡಾದ ಜಾಗ ಹುಡುಕುವವರು ಮಾತ್ರ — ನೊಣ ಎಷ್ಟೋ ಹೊತ್ತಿನಿಂದ ಹಾರಿಲ್ಲ. ಓರಿನ್ ಮುಖವನ್ನು ಮೇಜಿನ ಹತ್ತಿರಕ್ಕೆ ತಂದು ನೋಡಿದ. ಎಡಗೈ ಮಣಿಕಟ್ಟು ಹಿಡಿದುಕೊಂಡಿತ್ತಲ್ಲ, ಅದಕ್ಕೆ ಬೇರೆ ಕೆಲಸ ಬಿದ್ದಿತ್ತಲ್ಲ. ಅವನದು ಅವಳಿಗೆ ಮುಟ್ಟಿದೆ, ಅವಳು ಹೊಡೆದಿದ್ದಾಳೆ, ಅಷ್ಟು ಹೊತ್ತೂ ಹೊಡೆದಿದ್ದಾಳೆ, ಏನೆಂದು ಹೊಡೆದಳೋ, ಸತ್ತ ತಂತಿಗೆ. ಈಗ ಹಾಕಿದರೂ ಆ ತುದಿಯಲ್ಲಿ ಕೇಳುವವರಿಲ್ಲ, ಕೇಳುವವಳು ನಡೆದು ಬರುತ್ತಿದ್ದಾಳೆ, ತಂತಿ ನೆಟ್ಟಗೇ ಇದೆ ವರ್ನಾ, ಎಲ್ಲೂ ತುಂಡಾಗಿಲ್ಲ, ಏಳನೇ ಕಂಬ, ಎಂಟನೆಯದು, ಕೈ ತೊಡೆಯಡಿಯಿಂದ ಹೊರಗೆ ಬರುತ್ತಿಲ್ಲ, ಒಂಬತ್ತು, ಬಂದು ನೋಡುತ್ತಾಳೆ, ನೋಡಲಿ, ಹಿತ್ತಾಳೆಯ ಅಗುಳಿ, ಬೆರಳಗಲ ತೆರೆದಿದೆ, ಅದರ ಮೇಲೆ ನೊಣ, ಅಗುಳಿ, ಬೆರಳಗಲ