ಅತ್ತೆಯ ಓಟು

ನೆನೆಸಿಟ್ಟ ಬಟ್ಟೆಗೆ ಅವಳು ಸೋಪು ಹಚ್ಚುತ್ತಿದ್ದಾಗ ಬಾಗಿಲಲ್ಲಿ ಮೈಕು ಕೂಗಿದ. ಅವನು ಚುನಾವಣೆಗೆ ನಿಂತಿದ್ದ ಪುರಸಭೆ ಅಧ್ಯಕ್ಷರ ಬಲಗೈ ಬಂಟ. ಮೈಕು ಅನ್ನೋದು ಅವನ ಗಂಟಲು ಕೇಳಿ ಬೀದಿಯವರು ಇಟ್ಟ ಹೆಸರು.

"ಅಕ್ಕಾ, ಬೂತಿಗೆ ಹೋಗೋಕೆ ಅಜ್ಜಿಗೆ ಆಟೋ ತಂದಿದೀನಿ. ಕಣ್ಣು ಕಾಣದವರ ಜೊತೆ ಮನೆಯವರು ಒಳಗೆ ಹೋಗಬಹುದು, ಕಾನೂನೇ ಇದೆ. ನೀವೇ ಹೋಗಿ."

ಅತ್ತೆ ಆಗಲೇ ತಲೆ ಬಾಚಿ, ಇಸ್ತ್ರಿ ಸೀರೆ ಉಟ್ಟು ಕೂತಿದ್ದರು. "ನಾನು ನರ್ಸಮ್ಮನ ಏಣಿಗೇ ಹಾಕೋದು ಕಣೋ. ಚರಂಡಿ ನೀರು ನಲ್ಲಿಗೆ ಸೇರಿ ಮಕ್ಕಳೆಲ್ಲ ಕಾಯಿಲೆ ಬಿದ್ದು ಮಲಗಿದಾಗ ಮನೆಮನೆಗೂ ಬಂದವಳು ಅವಳೇ. ನಿಮ್ಮ ಅಧ್ಯಕ್ಷ ಎಲ್ಲಿ ಹಾಳಾಗಿ ಹೋಗಿದ್ದ? ಛತ್ರಿಗೆ ಸರಿಯಾಗಿ ಛತ್ರಿ ಗುರುತೇ ಸಿಕ್ಕಿದೆ!"

ಮೈಕು ಗಹಗಹಿಸಿ ನಕ್ಕ. "ಹಾಕಿ ಅಜ್ಜಿ, ನಿಮ್ಮ ಹಕ್ಕು." ಆಮೇಲೆ ಸೊಸೆಯತ್ತ ಬಗ್ಗಿ ದನಿ ತಗ್ಗಿಸಿದ. "ಭಾವ ಓಡಿಸೋ ನೀರಿನ ಟ್ಯಾಂಕರ್ ಯಾರದು ಅಂತ ನೆನಪಿದೆ ತಾನೆ? ನಮ್ಮ ಬೂತಿಗೆ ಇರೋದೇ ಎರಡು ಬೀದಿ. ಏಣಿಗೆ ಎಷ್ಟು ಬಿತ್ತು ಅಂತ ಗೊತ್ತಾಗೇ ಆಗುತ್ತೆ. ಯಾರು ಹಾಕಿದ್ದು ಅಂತ ಅಜ್ಜಿಯೇ ಸಾರ್ತಾ ಇದಾರೆ."

ಅವಳು ಗಂಡನ ಕಡೆ ನೋಡಿದಳು. ಅವನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ. "ನೋಡ್ಕೊಂಡು ಮಾಡು," ಅಂದ, ಅಷ್ಟೆ.

ಬೂತು ಶಾಲೆಯ ಕೋಣೆಯಲ್ಲಿತ್ತು. ಈ ಮತದಾರರ ಮತವನ್ನು ಗುಟ್ಟಾಗಿಡುತ್ತೇನೆ ಎಂಬ ಕಾಗದಕ್ಕೆ ಅಧಿಕಾರಿ ಅವಳ ಸಹಿ ಹಾಕಿಸಿಕೊಂಡ. ಸೆರಗು ಹಿಡಿದು ನಿಂತ ಮಗಳನ್ನು ನೋಡಿ, "ಹೋಗ್ಲಿ, ಪುಟ್ಟ ಹುಡುಗಿ ತಾನೆ," ಎಂದು ಬಿಟ್ಟ.

ರಟ್ಟಿನ ಮರೆಯಲ್ಲಿ ಅತ್ತೆ ಕೈ ಮುಂದೆ ಚಾಚಿದರು. "ನೀನು ಒತ್ತಬೇಡ. ಬೆರಳು ತಂದು ಏಣಿ ಹತ್ತಿರ ಇಡು. ನಾನೇ ಒತ್ತುತೀನಿ."

ಬಾಣಂತನದಲ್ಲಿ ಅವಳಿಗೆ ಎಣ್ಣೆ ತಿಕ್ಕಿದ್ದ ಕೈ ಅದು. ಅವಳು ಆ ಬೆರಳನ್ನು ಹಿಡಿದಳು. ಏಣಿಯ ಮೇಲೆ ಒಂದು ಗಳಿಗೆ ತಡೆದು, ಕೆಳಗಿಳಿಸಿದಳು.

"ಇಲ್ಲೇನಾ?"

"ಹೂಂ, ಅತ್ತೆ."

ಅತ್ತೆ ಇದ್ದ ಬಲವನ್ನೆಲ್ಲ ಹಾಕಿ ಒತ್ತಿದರು. ಯಂತ್ರ ಕೂಗಿತು. ಪಕ್ಕದ ಗಾಜಿನ ಕಿಂಡಿಯಲ್ಲಿ ಛತ್ರಿಯ ಚೀಟಿ ಕಾಣಿಸಿಕೊಂಡು ಬಿದ್ದುಹೋಯಿತು.

"ಅಮ್ಮಾ, ಅದು..."

"ಶ್! ಇಲ್ಲಿ ಮಾತಾಡಬಾರದು."

ಹೊರಗೆ ಮೈಕು ಹುಬ್ಬು ಹಾರಿಸಿದ. ಆಯಿತೆಂದು ಅವಳು ತಲೆಯಾಡಿಸಿದಳು. ಅತ್ತೆ ಮಾತ್ರ ಶಾಯಿಯ ಬೆರಳೆತ್ತಿ, "ಛತ್ರಿ ಮಡಚಿಸಿಬಿಟ್ಟೆ ಕಣ್ರೇ!" ಎಂದು ಸಾಲಿನವರನ್ನೆಲ್ಲ ನಗಿಸುತ್ತಾ ಬಂದರು. ರಸ್ತೆಯಾಚೆ ಬಿಸಿಲಲ್ಲಿ ಒಬ್ಬಳೇ ನಿಂತಿದ್ದ ನರ್ಸಮ್ಮ ಓಡಿಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಎಲ್ಲರೂ ಹೂಂ ಹೂಂ ಅಂತಾರಮ್ಮ, ಒಳಗೆ ಹೋಗಿ ಏನು ಮಾಡ್ತಾರೋ ಗೊತ್ತಿಲ್ಲ. ನೀವೊಬ್ಬರು ಹಾಕಿದ್ದೀರಿ ಅನ್ನೋದು ಮಾತ್ರ ನನಗೆ ಖಾತ್ರಿ."

"ಅಯ್ಯೋ, ನನ್ನದೇನೇ? ದಾರಿ ತೋರಿಸಿದ್ದು ನನ್ನ ಸೊಸೆ," ಎಂದರು ಅತ್ತೆ ಹೆಮ್ಮೆಯಿಂದ.

ನರ್ಸಮ್ಮ ಅವಳತ್ತ ತಿರುಗಿ ಕೈ ಮುಗಿದಳು.

"ಬಾ ಪುಟ್ಟಿ, ಆಟೋ ಕಾಯ್ತಿದೆ." ಅವಳು ಮಗಳ ರಟ್ಟೆ ಹಿಡಿದು ಎಳೆದಳು. ಮಗು ನಿಂತಲ್ಲಿಂದ ಕದಲಲಿಲ್ಲ. ಅಜ್ಜಿಯನ್ನೂ ನರ್ಸಮ್ಮನನ್ನೂ ಒಮ್ಮೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಕೇಳಿತು:

"ಅಮ್ಮಾ, ಅಜ್ಜಿ ಏಣಿ ಅಂದ್ರೆ ನೀನ್ಯಾಕೆ ಅವರ ಬೆರಳನ್ನ ಛತ್ರಿ ಹತ್ತಿರ ಇಟ್ಟೆ?"