ನಂದಕುಮಾರನ ಬೆನ್ನು

ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯಲ್ಲಿ ಮುನಿರತ್ನಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಅವಳ ಕೈಯನ್ನು ನಂಬದವರೂ ಇರಲಿಲ್ಲ. ಕಾಲು ಉಳುಕಿದವರು, ಸೊಂಟ ಹಿಡಿದುಕೊಂಡವರು, ಮಗ್ಗದಿಂದ ಸಿಡಿದ ಲಾಳಿ ಬಡಿದು ತೋಳು ಊದಿಸಿಕೊಂಡವರು, ಎಲ್ಲರೂ ಅವಳ ಜಗಲಿಗೇ ಬರಬೇಕು. ಹರಳೆಲೆಗೆ ಎಣ್ಣೆ ಸವರಿ ಹೆಂಚಿನ ಮೇಲೆ ಬಾಡಿಸಿ, ಬಿಸಿ ತವುಡಿನ ಗಂಟಿನಿಂದ ಶಾಖ ಕೊಟ್ಟು, ಆಮೇಲೆ ಹೆಬ್ಬೆರಳಿನಿಂದ ನರ ಹಿಡಿದು ನೀವುತ್ತಿದ್ದಳು. ನೀವುವಷ್ಟು ಹೊತ್ತೂ ಬೈಯುತ್ತಿದ್ದಳು. "ಕಣ್ಣೇನು ನೆತ್ತಿ ಮೇಲಿತ್ತಾ? ನೋಡ್ಕೊಂಡು ನಡೆಯಕ್ಕೇನು ರೋಗ?" ಎನ್ನುವಳು. ಬೈಗುಳವೂ ಔಷಧಿಯಲ್ಲಿ ಒಂದು ಪಾಲೆಂದು ತಿಳಿದು ಜನ ಸುಮ್ಮನಿರುತ್ತಿದ್ದರು.

ತೊಂಬತ್ತಾರರ ಬೇಸಿಗೆಯಲ್ಲಿ ಅವಳ ಒಬ್ಬನೇ ಮಗ ನಂದಕುಮಾರನನ್ನು ಪೊಲೀಸರು ಹಿಡಿದುಕೊಂಡು ಹೋದರು. ಅವನು ಕೂಲಿಗೆ ಮಗ್ಗ ಓಡಿಸುತ್ತಿದ್ದ ಶೆಡ್ಡಿನ ಮಾಲೀಕ ಅಪ್ಪಯ್ಯಣ್ಣ, ರೇಷ್ಮೆ ನೂಲಿನ ಒಂದು ಮೂಟೆ ಕಾಣುತ್ತಿಲ್ಲವೆಂದು ದೂರು ಕೊಟ್ಟಿದ್ದ. ಎಲ್ಲೂ ಹೆಸರು ಬರೆದುಕೊಳ್ಳದೆ, ಕೋರ್ಟಿಗೂ ತೋರಿಸದೆ, ದಿನಗಟ್ಟಲೆ ಠಾಣೆಯಲ್ಲಿ ಕೂಡಿಹಾಕಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಆ ಕಟ್ಟಿನಿಂದಲೇ ಮೇಲಕ್ಕೆ ನೇತುಹಾಕಿ ಹೊಡೆದರು. ಅಷ್ಟರಲ್ಲಿ ಮೂಟೆ ಸಿಕ್ಕಿತು. ಬಣ್ಣ ಹಾಕುವವರ ಮನೆಯಲ್ಲಿ ತಣ್ಣಗೆ ಕೂತಿತ್ತು. ಕಳಿಸಿದವನು ಅಪ್ಪಯ್ಯಣ್ಣನ ಸ್ವಂತ ಅಳಿಯ, ಮಾವನಿಗೆ ಹೇಳುವುದನ್ನು ಮರೆತಿದ್ದ. ಪೊಲೀಸರು ನಂದನನ್ನು ಜೀಪಿನಲ್ಲಿ ತಂದು ಬೀದಿಯ ಮೂಲೆಯಲ್ಲಿ ಇಳಿಸಿ ಹೊರಟುಹೋದರು. ತಪ್ಪಾಯಿತು ಎನ್ನುವ ಒಂದು ಮಾತಾದರೂ ಬೇಡವೇ!

ಮಗನ ಅಂಗಿ ಬಿಚ್ಚಿದ ಮುನಿರತ್ನಮ್ಮನಿಗೆ ಮೊದಲ ಸಲ ಬೈಗುಳ ಬಾಯಿಗೆ ಬರಲಿಲ್ಲ. ಬೆನ್ನ ತುಂಬ ಬಾಸುಂಡೆ. ಬಲಗೈ ಹೆಗಲಿನಿಂದ ಬೆರಳಿನ ತುದಿಯವರೆಗೆ ಊದಿ ಜೋತುಬಿದ್ದಿತ್ತು. ಅವಳು ಒಲೆ ಹೊತ್ತಿಸಿ ಹೆಂಚು ಇಟ್ಟಳು. ಹರಳೆಲೆ ಬಾಡುತ್ತಿರುವಾಗಲೇ ಅರುಣಾ ಓಡಿಬಂದಳು. ಅದೇ ಬೀದಿಯ ಹುಡುಗಿ, ಲಾ ಓದಿ ಬೆಂಗಳೂರಿನಲ್ಲಿ ವಕೀಲಳಾಗಿದ್ದಳು. ಅಲ್ಲಿ ಮಾನವ ಹಕ್ಕುಗಳ ಸಮಿತಿಯೊಂದರಲ್ಲೂ ಕೆಲಸ ಮಾಡುತ್ತಿದ್ದಳು. ನಂದನ ಸುದ್ದಿ ಕೇಳಿ ಆ ದಿನವೇ ಊರಿಗೆ ಬಂದಿದ್ದಳು.

"ಅತ್ತೆ, ಕೈ ಇಡ್ಬೇಡಿ! ಎಣ್ಣೆ ಬೇಡ, ಶಾಖ ಬೇಡ, ಏನೂ ಬೇಡ."

"ಏನೇ ಹಂಗಂದ್ರೆ? ಹುಡುಗ ಸಾಯ್ತಾವ್ನೆ!"

"ಗುರುತು ಮಾಸ್ಹೋದ್ರೆ ನಾವು ಮುಟ್ಟೇ ಇಲ್ಲ ಅಂತಾರೆ ಪೊಲೀಸ್ರು. ಸರ್ಕಾರಿ ಡಾಕ್ಟ್ರು ನೋಡಿ ಬರೆದುಕೊಡೋವರ್ಗೂ ಹಿಂಗೇ ಇರ್ಲಿ. ನಾನು ಕೋರ್ಟಿಗೆ ಹಾಕ್ತೀನಿ. ಹೊರದೇಶದಲ್ಲೂ ನಮ್ಮಂಥ ಸಂಘಗಳಿವೆ, ಅವ್ರೂ ಕೇಳ್ತಾರೆ. ಮನುಷ್ಯನ್ನ ಹಿಂಗೆ ಹೊಡೆಯೋ ಹಕ್ಕು ಪ್ರಪಂಚದಲ್ಲಿ ಯಾವ ಸರ್ಕಾರಕ್ಕೂ ಇಲ್ಲ ಅತ್ತೆ."

ಆ ಕೊನೆಯ ಮಾತು ಮುನಿರತ್ನಮ್ಮನಿಗೆ ನಾಟಿತು. ಬೀದಿಯವರೆಲ್ಲ ಅವಳ ಮಗನನ್ನು ಕಳ್ಳ ಅಂದಿದ್ದರು. ಪೊಲೀಸರ ತಂಟೆ ನಮಗ್ಯಾಕೆ ಎಂದು ಬಾಗಿಲು ಹಾಕಿಕೊಂಡಿದ್ದರು. ಈ ಹುಡುಗಿ ನೋಡಿದರೆ ಪ್ರಪಂಚವೇ ನಿನ್ನ ಕಡೆಗಿದೆ ಅನ್ನುತ್ತಿದ್ದಾಳೆ. "ಒಂದು ಕೈ ನೋಡೇಬಿಡ್ತೀನಿ" ಎಂದು ಅವಳು ಹೆಂಚನ್ನು ಒಲೆಯಿಂದ ಇಳಿಸಿದಳು. ಅರುಣಾ ತಾನು ತಂದಿದ್ದ ಕ್ಯಾಮೆರಾದಿಂದ ಬೆನ್ನಿನ ಫೋಟೋ ತೆಗೆದುಕೊಂಡಳು, ಬರೀ ಫೋಟೋವನ್ನು ಕೋರ್ಟು ಒಪ್ಪುವುದಿಲ್ಲ, ಡಾಕ್ಟರು ಬರೆದುಕೊಡಲೇಬೇಕು ಎಂದಳು.

ಸರ್ಕಾರಿ ಆಸ್ಪತ್ರೆಗೆ ಹೋದರೆ, ಇಂಥ ಕೇಸು ಪೊಲೀಸರ ಚೀಟಿ ಇಲ್ಲದೆ ಮುಟ್ಟುವುದಿಲ್ಲ ಎಂದರು. ಹೊಡೆದವರ ಹತ್ತಿರವೇ ಹೋಗಿ, ಹೊಡೆದಿದ್ದೀರೆಂದು ಬರೆದುಕೊಡಿ ಎಂದು ಕೇಳಬೇಕು! ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಅರುಣಾ ಕೋರ್ಟಿಗೆ ಓಡಾಡಿ ಪರೀಕ್ಷೆ ಮಾಡಬೇಕೆಂದು ಆದೇಶ ತಂದಳು. ತರುವ ಹೊತ್ತಿಗೆ ಡಾಕ್ಟರು ರಜೆ ಹಾಕಿದ್ದರು. ಬರುತ್ತಾರೆ, ನಾಳೆ ಬರುತ್ತಾರೆ, ಸೋಮವಾರ ಖಂಡಿತ ಬರುತ್ತಾರೆ ಎನ್ನುವುದರಲ್ಲೇ ಒಂದು ವಾರ ಕಳೆಯಿತು.

ಆ ವಾರದ ಪಾಡು ಹೆತ್ತವಳಿಗೇ ಗೊತ್ತು. ಮಗ್ಗಗಳು ಓಡುವಾಗ ಬೀದಿಯಲ್ಲಿ ಯಾರ ಮಾತೂ ಯಾರಿಗೂ ಕೇಳದು, ನಂದನ ನರಳಾಟವೂ ಆ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಕರೆಂಟು ಹೋದರೆ ಮುಗಿಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತು, ಇಡೀ ಬೀದಿಗೆ ಅವನೊಬ್ಬನ ದನಿಯೇ ಕೇಳುತ್ತಿತ್ತು.

"ಅಮ್ಮಾ, ಒಸಿ ಶಾಖ ಕೊಡಮ್ಮ. ಕೈ ನಂದಲ್ಲ ಅನ್ನಂಗಾಯ್ತದೆ."

"ಇನ್ನೊಂದಿನ ತಡ್ಕೊ ಮಗಾ. ಡಾಕ್ಟ್ರು ನೋಡ್ಲಿ."

"ನಂಗೆ ಯಾವ ಕೇಸೂ ಬೇಡ ಕಣಮ್ಮ."

"ನೀನು ಸುಮ್ಕಿರು. ನಿಂಗೇನು ಗೊತ್ತಾಯ್ತದೆ!"

ಪಕ್ಕದ ಮನೆಯ ಪಾಪಮ್ಮ ಹೊಸ್ತಿಲಲ್ಲಿ ನಿಂತು ಅಂದೇಬಿಟ್ಟಳು. "ಊರೋರಿಗೆಲ್ಲ ನೀವ್ತೀಯ. ಹೆತ್ತ ಮಗ ಹಿಂಗೆ ಒದ್ದಾಡ್ತಿದ್ರೆ ನೋಡ್ಕೊಂಡು ಕೂತಿದ್ದೀಯಲ್ಲೇ, ನಿನ್ ಹೊಟ್ಟೆ ಏನು ಕಲ್ಲಾ?" ಬೇರೆ ದಿನವಾಗಿದ್ದರೆ ಪಾಪಮ್ಮನ ಏಳು ತಲೆಮಾರು ಬೀದಿಗೆ ಬರುತ್ತಿತ್ತು. ಮುನಿರತ್ನಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹಿತ್ತಲಿಗೆ ಹೋದಳು. ಮಗನ ಹತ್ತಿರ ಕೂತರೆ ಆ ಕೈಗಳು ತಾವಾಗಿಯೇ ಅವನ ಹೆಗಲಿಗೆ ಹೋಗುತ್ತಿದ್ದವು. ಅದಕ್ಕೇ ಹತ್ತಿರ ಕೂರುವುದನ್ನೇ ಬಿಟ್ಟಿದ್ದಳು.

ಕೊನೆಗೂ ಡಾಕ್ಟರು ಬಂದರು. ಅಂಗಿ ಎತ್ತಿಸಿ ನೋಡಿದರು, ಕೈಯನ್ನು ಒಮ್ಮೆ ಅಲ್ಲಾಡಿಸಿದರು. ಬಾಗಿಲಲ್ಲಿ ಆ ಠಾಣೆಯ ಪೇದೆಯೊಬ್ಬ ನಿಂತಿದ್ದ. ಡಾಕ್ಟರು ಅವನ ಮುಖವನ್ನೂ ಒಮ್ಮೆ ನೋಡಿ ಬರೆಯಲು ಕೂತರು. ಹಳೆಯ ಗಾಯದ ಗುರುತುಗಳು, ಸಾಧಾರಣ ಸ್ವರೂಪದವು, ಕೆಲಸ ಮಾಡುವಾಗ ಯಂತ್ರದ ಮೇಲೆ ಬಿದ್ದು ಆಗಿರಬಹುದು ಎಂದು ಬರೆದಿದ್ದರು. ಅರುಣಾ ಅದನ್ನು ಓದಿ ಹೇಳಿದಳು.

ಮುನಿರತ್ನಮ್ಮ ಮನೆಗೆ ಬಂದವಳೇ ಹೆಂಚು ಕಾಯಿಸಿದಳು. ಎಲೆ ಕಟ್ಟಿದಳು, ತವುಡಿನ ಶಾಖ ಕೊಟ್ಟಳು, ನೀವಿದಳು. ಬೆನ್ನಿನ ಬಾಸುಂಡೆ ಇಳಿಯಿತು, ಊತವೂ ಇಳಿಯಿತು. ಬೆರಳುಗಳಿಗೆ ಮಾತ್ರ ಜೀವ ಬರಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದಾಗ, ಹೆಗಲಲ್ಲಿ ನರ ಎಳೆದು ಹರಿದುಹೋಗಿದೆ, ಇನ್ನು ಕೈ ಬರುವುದಿಲ್ಲ ಎಂದರು. ಅರುಣಾ ಅಳುತ್ತಲೇ, "ಅದು ಒಳಗಿನ ಪೆಟ್ಟು ಅತ್ತೆ. ನೀವು ಅವತ್ತೇ ನೀವಿದ್ರೂ ಸರಿಹೋಗ್ತಿರ್ಲಿಲ್ಲ" ಅಂದಳು. ಇರಬಹುದು, ಇಲ್ಲದಿರಬಹುದು. ಮುನಿರತ್ನಮ್ಮನಿಗೆ ಅದನ್ನು ತಿಳಿಸಿಕೊಡುವವರು ಯಾವ ದೇಶದಲ್ಲೂ ಇರಲಿಲ್ಲ. ಎಳೆ ಕಡಿದರೆ ಗಂಟು ಹಾಕಲಾರದವನಿಗೆ ಮಗ್ಗ ಕೊಡುವವರು ಯಾರು? ನಂದ ಬಸ್ ಸ್ಟ್ಯಾಂಡಿನ ಹೋಟೆಲೊಂದರಲ್ಲಿ ಎಡಗೈಯಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದ. ಕೇಸು ಸಾಕ್ಷಿ ಸಾಲದೆಂದು ಬಿದ್ದುಹೋಯಿತು. ಹೊಡೆಸಿದ ಇನ್‌ಸ್ಪೆಕ್ಟರು ಅದೇ ಠಾಣೆಯಲ್ಲೇ ಇದ್ದ. ಒಂದೊಂದು ಸಲ ಆ ಹೋಟೆಲಿಗೇ ಕಾಫಿಗೆ ಬರುತ್ತಿದ್ದ.

ಆದರೆ ಅರುಣಾ ತೆಗೆದ ಫೋಟೋ ದೇಶ ಬಿಟ್ಟು ಹೋಗಿತ್ತು. ಯಾವ್ಯಾವುದೋ ದೇಶದವರು ಅದನ್ನು ನೋಡಿ ನಮ್ಮ ಸರ್ಕಾರಕ್ಕೆ ಬರೆದರಂತೆ. ತೊಂಬತ್ತೆಂಟರ ಡಿಸೆಂಬರಿನಲ್ಲಿ, ಮಾನವ ಹಕ್ಕುಗಳ ಘೋಷಣೆಗೆ ಐವತ್ತು ವರ್ಷ ತುಂಬಿತೆಂದು ಬೆಂಗಳೂರಿನಲ್ಲಿ ಸಮಿತಿಯವರು ಸಭೆ ಮಾಡಿದರು. ಅರುಣಾ ತಾಯಿ ಮಗ ಇಬ್ಬರನ್ನೂ ಕರೆದುಕೊಂಡು ಹೋದಳು. ಸಭಾಂಗಣದ ಗೋಡೆಯ ತುಂಬ ಫೋಟೋಗಳು. ನಡುವೆ, ಆಳೆತ್ತರಕ್ಕೆ, ನಂದಕುಮಾರನ ಬೆನ್ನು. ಹೊರದೇಶದ ಹೆಂಗಸೊಬ್ಬಳು ಬಂದು ಮುನಿರತ್ನಮ್ಮನನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡಳು. ಅದು ನಾಟಕದ ಅಳುವಲ್ಲ. ಮುನಿರತ್ನಮ್ಮನಿಗೂ ಅದು ಗೊತ್ತಾಯಿತು.

ನಂದ ಆ ಫೋಟೋ ಎದುರು ನಿಂತೇ ಇದ್ದ. ತನ್ನ ಬೆನ್ನನ್ನು ಅವನು ಅಲ್ಲಿಯವರೆಗೆ ನೋಡಿರಲಿಲ್ಲ.

"ಇಷ್ಟು ಚೆನ್ನಾಗಿ ಕಾಣ್ತಿತ್ತೇನಮ್ಮ?" ಅಂದ.

"ಊಂ."

"ಮತ್ತೆ ಆ ಡಾಕ್ಟ್ರಿಗೆ ಕಾಣ್ಲಿಲ್ವಾ?"

"ಕಂಡಿತ್ತು ಕಣೋ. ಎಲ್ಲಾರ್ಗೂ ಕಂಡಿತ್ತು."

ನಂದ ಎರಡು ವರ್ಷದಿಂದ ಕೇಳದೇ ಇದ್ದದ್ದನ್ನು, ಸಿಟ್ಟೂ ಇಲ್ಲದೆ, ಬಸ್ಸೆಷ್ಟು ಹೊತ್ತಿಗೆ ಎಂದು ಕೇಳುವವನ ಹಾಗೆ ಕೇಳಿದ.

"ಹಂಗಾದ್ರೆ ನಂಗ್ಯಾಕಮ್ಮ ಶಾಖ ಕೊಡ್ಲಿಲ್ಲ?"

ಮುನಿರತ್ನಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಅಷ್ಟರಲ್ಲಿ ವೇದಿಕೆಯಿಂದ ಅರುಣಾ ಅವಳ ಹೆಸರು ಕರೆದಳು. ಹೋರಾಟ ಬಿಡದ ತಾಯಿ ಎರಡು ಮಾತಾಡಬೇಕಂತೆ. ಜನ ಆಗಲೇ ಚಪ್ಪಾಳೆ ತಟ್ಟಲು ಶುರು ಮಾಡಿದ್ದರು. ಅವಳು ಮಗನ ಮುಖ ನೋಡದೆ ಮೆಟ್ಟಿಲು ಹತ್ತಿದಳು.